‘ಮಿಲಿಟ್ರಿ ಬಂತಂತೆ’: ಕ್ಷಿಪ್ರಕ್ರಾಂತಿಯ ರಾತ್ರಿಗಳಲ್ಲಿ ಜನ ಏನು ಮಾಡುತ್ತಾರೆ?

2024ರ ಡಿಸೆಂಬರ್ 3ರ ಸಂಜೆ. ಕೋಲಾರದ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ಹುಡುಗನೊಬ್ಬ ಮೊಬೈಲಿನಿಂದ ಕಣ್ಣೆತ್ತದೆ, “ಅಣ್ಣಾ, ಕೊರಿಯಾದಲ್ಲಿ ಮಿಲಿಟ್ರಿ ಬಂದ್ಬುಡ್ತಂತೆ” ಎಂದ. ಅಂಗಡಿಯವರು ಹಾಲು ಕಾಯಿಸುತ್ತಲೇ, “ಯಾವ ಕೊರಿಯಾ?” ಎಂದು ಕೇಳಿದರು. “ಒಳ್ಳೇ ಕೊರಿಯಾನೇ, ಟಿವಿ, ಫೋನು ಮಾಡೋದು.” ಮಂಡಿಗೆ ಟೊಮೆಟೊ ಹಾಕಿ ಬಂದು ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು: “ನಮ್ಮಲ್ಲೂ ಒಂದೈದು ವರ್ಷ ಬರ್ಬೇಕು ಸಾರ್. ಆಗ ನೋಡಿ, ಎಲ್ಲ ಹೆಂಗೆ ಸರಿಹೋಗ್ತದೆ.”

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ರಸ್ತೆಯ ಗುಂಡಿ ನೋಡಿದಾಗ, ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಮೂರನೇ ಸಲ ಅಲೆದಾಗ, ಎಲ್ಲೋ ದೂರದ ದೇಶದ ರಾಜಧಾನಿಗೆ ಟ್ಯಾಂಕು ನುಗ್ಗಿದಾಗ ಇದು ಹೊರಗೆ ಬರುತ್ತದೆ. ಹೇಳುವವರು ಕೆಟ್ಟವರಲ್ಲ. ಆದರೆ ಟ್ಯಾಂಕು ನುಗ್ಗಿದ ಊರಿನ ಜನ ಆ ರಾತ್ರಿ ಏನು ಅಂದರು, ಏನು ಮಾಡಿದರು ಎಂಬುದನ್ನು ಟೀ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮೊದಲ ಐದಾರು ಗಂಟೆಗಳಲ್ಲಿ ಬಂದೂಕಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಲೆಕ್ಕಕ್ಕೆ ಬಂದಿರುವುದು ಅದೇ.

ಪತ್ರಿಕೆಗಳು ಇದನ್ನು ‘ಕ್ಷಿಪ್ರಕ್ರಾಂತಿ’ ಎನ್ನುತ್ತವೆ. ಕ್ಷಿಪ್ರವೇನೋ ಹೌದು. ಕುರ್ಚಿಯ ಮೇಲೆ ಕೂತವರನ್ನು ಎಬ್ಬಿಸಿ ಇನ್ನೊಬ್ಬರು ಕೂರುವುದಕ್ಕೆ ಕ್ರಾಂತಿ ಎಂಬ ದೊಡ್ಡ ಮಾತು ಯಾಕೆ ಬಂತೋ. ‘ಮಿಲಿಟ್ರಿ ಬಂತು’ ಎನ್ನುವುದೇ ಸತ್ಯಕ್ಕೆ ಹತ್ತಿರ.

ಈ ಕಥೆಗೆ ಕೋಲಾರ ಹೊರಗಿನದ್ದೇನಲ್ಲ. ಇಲ್ಲಿಂದ ಸ್ವಲ್ಪ ದೂರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮೈಸೂರಿನ ಒಡೆಯರ ಸೇನೆಯಲ್ಲೇ ಬೆಳೆದು, ಅದೇ ಸೇನೆಯ ಬಲದಿಂದ ರಾಜ್ಯವನ್ನು ಕೈಗೆ ತೆಗೆದುಕೊಂಡವನು. ಅವನಿಗೆ ದಾರಿ ಮಾಡಿಕೊಟ್ಟದ್ದು ಸಂಬಳದ ಬಾಕಿ. ಕೂಲಿ ಸಿಗದ ಸಿಪಾಯಿಗಳು ಸರ್ವಾಧಿಕಾರಿ ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕೂತರು, ಬಾಕಿ ತೀರಿಸುವ ಏರ್ಪಾಟು ಮಾಡಿದ ಹೈದರನ ಮಾತಿಗೆ ಆಮೇಲೆ ತೂಕ ಬಂತು. 1760ರ ಆಗಸ್ಟಿನಲ್ಲಿ ಅವನ ಮೇಲೆಯೇ ಮರುದಾಳಿ ನಡೆಯಿತು. ಅವನ ಬಳಿಯೇ ಬೆಳೆದ ಖಂಡೇರಾಯ ಅರಮನೆಯ ಬೆಂಬಲದಿಂದ ಶ್ರೀರಂಗಪಟ್ಟಣದ ಕೋಟೆಯ ಮೇಲಿಂದ ಗುಂಡು ಹಾರಿಸಿದ. ಹೈದರ್ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ರಾತ್ರಿ ಕಾವೇರಿ ದಾಟಿ ಆನೇಕಲ್ ಮೇಲೆ ಬೆಂಗಳೂರಿಗೆ ಓಡಿದ. ಆ ಹೊತ್ತಿಗೆ ಬೆಂಗಳೂರು ಕೋಟೆಯ ಬಾಗಿಲು ಅವನಿಗೆ ಮುಚ್ಚಿದ್ದರೆ ಮೈಸೂರಿನ ಇತಿಹಾಸವೇ ಬೇರೆ. ಬಾಗಿಲು ತೆರೆದಿತ್ತು, ಪೇಟೆಯ ಸಾಹುಕಾರರು ಸಾಲವನ್ನೂ ಕೊಟ್ಟರು. ಮರುವರ್ಷ ಅವನು ಗೆದ್ದು ಬಂದ. ಖಂಡೇರಾಯನನ್ನು ಗಿಳಿಯಂತೆ ಸಾಕುತ್ತೇನೆ ಎಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿದ ಎಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತಿದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 1782ರ ಡಿಸೆಂಬರ್. ಆ ತಿಂಗಳ 7ರಂದು ಚಿತ್ತೂರಿನ ಹತ್ತಿರದ ದಂಡಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೇನೆಯಲ್ಲಿ ಯಾರು ಯಾರ ಕಡೆ ಹೋಗುತ್ತಾರೋ ಹೇಳಲಾಗದು. ಹೈದರನ ಹಿರಿಯ ಅಧಿಕಾರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವನ್ನೇ ಬಚ್ಚಿಟ್ಟರು. ಶವವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಹಣ ಹೋಗುತ್ತಿದೆ ಎಂಬಂತೆ ಪಹರೆ ಹಾಕಿ ಕೋಲಾರಕ್ಕೆ ಕಳಿಸಿದರು. ನಮ್ಮೂರಿನ ಮಕ್ಬರಾದಲ್ಲಿ, ಅವನ ಅಪ್ಪ ಫತೇ ಮಹಮ್ಮದನ ಗೋರಿಯ ಪಕ್ಕದಲ್ಲಿ, ಅದನ್ನು ಮೊದಲು ಮಣ್ಣು ಮಾಡಿದ್ದು. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದದ್ದು ಆಮೇಲೆ. ಇಷ್ಟು ಮುಚ್ಚಿಟ್ಟರೂ ಗುಸುಗುಸು ಹಬ್ಬಿತು. ಹೈದರನ ದಾಯಾದಿ ಮಹಮ್ಮದ್ ಅಮೀನ್, ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಸಂಚು ಹೂಡಿದ. ಗೊತ್ತಾದ ಕೂಡಲೇ ಪೂರ್ಣಯ್ಯ ಅವನನ್ನು ಹಿಡಿಸಿ ಬೇಡಿ ತೊಡಿಸಿದ. ಟಿಪ್ಪು ಬಂದು ಸೇರುವವರೆಗೆ ಸೇನೆ ಚೆದುರಲಿಲ್ಲ.

ಕೋಲಾರದ ಜನರ ಪ್ರತಿಕ್ರಿಯೆ ಏನಿತ್ತು? ಏನೂ ಇರಲಿಲ್ಲ, ಏಕೆಂದರೆ ಅವರ ಕಣ್ಣಿಗೆ ಬಿದ್ದದ್ದು ಒಂದು ಪೆಟ್ಟಿಗೆ ಮಾತ್ರ. ಸುದ್ದಿ ಯಾರ ಕೈಲಿದೆಯೋ ಪಟ್ಟ ಅವರ ಕೈಲಿ ಎಂಬ ಸೂತ್ರ ಆಗಲೇ ಪೂರ್ಣಯ್ಯನಿಗೆ ಗೊತ್ತಿತ್ತು. ಇಪ್ಪತ್ತನೇ ಶತಮಾನದ ಕರ್ನಲ್‌ಗಳು ಮೊದಲು ರೇಡಿಯೋ ಸ್ಟೇಷನ್ನಿಗೆ ನುಗ್ಗಿದ್ದೂ ಇದೇ ಲೆಕ್ಕದಿಂದಲೇ. ‘ಎಲ್ಲ ಮುಗಿದಿದೆ, ಇನ್ನು ನಾವೇ’ ಎಂದು ಹೇಳಿ ಜನರನ್ನು ನಂಬಿಸಿಬಿಟ್ಟರೆ, ಮುಗಿಯದ್ದೂ ಮುಗಿದಂತೆಯೇ.

1975ರ ಆಗಸ್ಟ್ 15ರ ಢಾಕಾ ಇದಕ್ಕೆ ಕ್ರೂರ ಉದಾಹರಣೆ. ಬೆಳಗಿನ ಜಾವ ಕೆಲವು ಮೇಜರ್‌ಗಳು ಬಾಂಗ್ಲಾದೇಶದ ಅಧ್ಯಕ್ಷ ಶೇಖ್ ಮುಜೀಬರನ್ನೂ ಮನೆಯವರನ್ನೂ ಕೊಂದರು. ಆಮೇಲೆ ಮೇಜರ್ ದಾಲಿಂನ ದನಿ ರೇಡಿಯೋದಲ್ಲಿ ಬಂತು. ಬೀದಿಗಳಲ್ಲಿ ಓಡಾಡಿದ ಟ್ಯಾಂಕುಗಳ ಫಿರಂಗಿಗೆ ಗುಂಡುಗಳೇ ಇರಲಿಲ್ಲ. ಆದರೆ ಅದನ್ನು ತಿಳಿದವರು ಯಾರು? ನಾಲ್ಕು ವರ್ಷದ ಹಿಂದೆ ಯಾರ ಒಂದು ಮಾತಿಗೆ ಲಕ್ಷಾಂತರ ಜನ ಬೀದಿಗಿಳಿದಿದ್ದರೋ, ಅವರು ಸತ್ತ ದಿನ ಆ ನಗರ ಬಾಗಿಲು ಹಾಕಿಕೊಂಡು ಕೂತಿತು. ಭಯ ಒಂದು ಕಾರಣ. ಬರಗಾಲ ಮತ್ತು ಏಕಪಕ್ಷದ ಆಡಳಿತದಿಂದ ಹುಟ್ಟಿದ್ದ ಬೇಸರ ಇನ್ನೊಂದು. ಜನ ಮೊದಲೇ ಕೈಬಿಟ್ಟ ಸರ್ಕಾರವನ್ನು ಉರುಳಿಸಲು ಗುಂಡಿಲ್ಲದ ಟ್ಯಾಂಕೂ ಸಾಕು.

ರೇಡಿಯೋ ಎರಡೂ ಕಡೆ ಕೊಯ್ಯುವ ಗರಗಸ. 1961ರ ಏಪ್ರಿಲ್‌ನಲ್ಲಿ ನಾಲ್ವರು ಫ್ರೆಂಚ್ ಜನರಲ್‌ಗಳು, ಆಗ ಫ್ರಾನ್ಸಿನ ಕೈಲಿದ್ದ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸನ್ನು ಹಿಡಿದರು. ಅಧ್ಯಕ್ಷ ಡಿಗಾಲ್ ಸಮವಸ್ತ್ರ ತೊಟ್ಟು ಟಿವಿ, ರೇಡಿಯೋದಲ್ಲಿ ಬಂದು, ಈ ಜನರಲ್‌ಗಳ ಮಾತು ಯಾರೂ ಕೇಳಕೂಡದು ಎಂದು ಅಪ್ಪಣೆ ಮಾಡಿ, ನನಗೆ ನೆರವಾಗಿ ಎಂದು ಜನರನ್ನು ಕೇಳಿಕೊಂಡರು. ಬ್ಯಾರಕ್ಕುಗಳಲ್ಲಿ ಕಡ್ಡಾಯ ಸೇವೆಗೆ ಬಂದ ಹುಡುಗರ ಹತ್ತಿರ ಕೈಲಿ ಹಿಡಿಯುವ ಟ್ರಾನ್ಸಿಸ್ಟರ್‌ಗಳಿದ್ದವು. ಮೇಲಧಿಕಾರಿ ಹೇಳುವುದೊಂದು, ಕಿವಿಯಲ್ಲಿ ಕೇಳುವುದೊಂದು. ಹುಡುಗರು ಅಲ್ಲಾಡಲಿಲ್ಲ, ನಾಲ್ಕೈದು ದಿನದಲ್ಲಿ ಎಲ್ಲ ಕುಸಿಯಿತು.

ಸ್ಪೇನ್‌ನಲ್ಲಿ 1981ರ ಫೆಬ್ರವರಿ 23ರ ರಾತ್ರಿಯನ್ನು ‘ಟ್ರಾನ್ಸಿಸ್ಟರ್‌ಗಳ ರಾತ್ರಿ’ ಎಂದೇ ಕರೆಯುತ್ತಾರೆ. ಲೆಫ್ಟಿನೆಂಟ್ ಕರ್ನಲ್ ತೆಜೆರೊ ಪಿಸ್ತೂಲು ಹಿಡಿದು ಸಂಸತ್ತಿಗೆ ನುಗ್ಗಿದಾಗ ಅಲ್ಲಿನ ಕಲಾಪ ರೇಡಿಯೋದಲ್ಲಿ ಬರುತ್ತಿತ್ತು, ಗುಂಡಿನ ಸದ್ದೂ ನೇರ ಪ್ರಸಾರವಾಯಿತು. ಆ ರಾತ್ರಿ ಜನ ಬೀದಿಗೆ ಬರಲಿಲ್ಲ. ಅಂತರ್ಯುದ್ಧ ನೋಡಿದ ತಲೆಮಾರು ಇನ್ನೂ ಬದುಕಿತ್ತು, ಕಿಟಕಿ ಮುಚ್ಚಿ ರೇಡಿಯೋಗೆ ಕಿವಿ ಹಚ್ಚಿ ಕೂತರು. ರಾಜ ಹ್ವಾನ್ ಕಾರ್ಲೋಸ್ ಟಿವಿಯಲ್ಲಿ ಸಂವಿಧಾನದ ಪರ ಮಾತಾಡಿದಾಗ ಮಧ್ಯರಾತ್ರಿ ಒಂದು ದಾಟಿತ್ತು. ನಾಲ್ಕು ದಿನದ ಮೇಲೆ ಲಕ್ಷಾಂತರ ಜನ ಮ್ಯಾಡ್ರಿಡ್ ಬೀದಿಯಲ್ಲಿ ಸೇರಿದರು. ಮನೆಯಲ್ಲಿ ಕೂತ ಮಾತ್ರಕ್ಕೆ ಒಪ್ಪಿದರು ಎಂದು ಅರ್ಥವಲ್ಲ.

ಮಾಸ್ಕೋ, 1991ರ ಆಗಸ್ಟ್ 19. ಟಿವಿ ಹಾಕಿದರೆ ‘ಸ್ವಾನ್ ಲೇಕ್’ ಬ್ಯಾಲೆ. ಸೋವಿಯತ್ ಅಧ್ಯಕ್ಷ ಗೋರ್ಬಚೇವ್ ಕ್ರಿಮಿಯಾದಲ್ಲಿ ಗೃಹಬಂಧನದಲ್ಲಿದ್ದರು. ಅಧಿಕಾರ ವಹಿಸಿಕೊಂಡೆ ಎಂದ ಉಪಾಧ್ಯಕ್ಷ ಯಾನಾಯೆವ್ ಪತ್ರಿಕಾಗೋಷ್ಠಿಗೆ ಬಂದಾಗ ಕೈ ನಡುಗುತ್ತಿತ್ತು, ಅದನ್ನು ಕ್ಯಾಮೆರಾ ಎಲ್ಲರಿಗೂ ತೋರಿಸಿತು. ಆ ನಡುಕವನ್ನು ನೋಡಿದವರಿಗೆ ಧೈರ್ಯ ಬಂತು. ಯೆಲ್ಟ್ಸಿನ್ ಟ್ಯಾಂಕಿನ ಮೇಲೆ ಹತ್ತಿ ಮಾತಾಡಿದ್ದು ಫೋಟೋಗಳಲ್ಲಿ ಉಳಿದಿದೆ. ನನಗೆ ಹೆಚ್ಚು ನೆನಪಾಗುವುದು ಅಜ್ಜಿಯರು, ತಾಯಂದಿರು. ಟ್ಯಾಂಕಿನ ಹುಡುಗರಿಗೆ ತಿನ್ನಲು ಕೊಟ್ಟು, ‘ಮಗಾ, ನಿಮ್ಮಮ್ಮನ ಮೇಲೆ ಗುಂಡು ಹಾರಿಸ್ತೀಯಾ’ ಎಂಬ ಧಾಟಿಯಲ್ಲಿ ಬುದ್ಧಿ ಹೇಳಿದವರು. ಮೂವರು ಯುವಕರು ಸತ್ತರು. ಮೂರನೇ ದಿನಕ್ಕೆ ಸಂಚು ಬಿದ್ದುಹೋಯಿತು.

ಪಾಕಿಸ್ತಾನದಲ್ಲಿ ಆದದ್ದೇ ಬೇರೆ. 1999ರ ಅಕ್ಟೋಬರ್ 12ರಂದು ಸೈನಿಕರು ಟಿವಿ ಕೇಂದ್ರದ ಗೇಟು ಹತ್ತಿ ಇಳಿದರು. ಸೇನಾ ಮುಖ್ಯಸ್ಥ ಮುಷರಫ್ ಕೊಲಂಬೊದಿಂದ ಬರುತ್ತಿದ್ದ ವಿಮಾನ ಇನ್ನೂ ಆಕಾಶದಲ್ಲೇ ಇತ್ತು. ರಾತ್ರಿ ಕಳೆಯುವುದರೊಳಗೆ ನವಾಜ್ ಷರೀಫರ ಸರ್ಕಾರ ಹೋಯಿತು, ಷರೀಫರ ಸ್ವಂತ ಊರಾದ ಲಾಹೋರಿನಲ್ಲೇ ಕೆಲವರು ಸಿಹಿ ಹಂಚಿದರು. ನಮ್ಮೂರಿನ ಬೆಂಚಿನ ಹಿರಿಯರ ಮಾತು ಅಲ್ಲಿ ನಿಜವಾಗಿತ್ತು: ಬರ್ಬೇಕು ಅಂದರು, ಬಂತು. ಎಂಟು ವರ್ಷದ ಮೇಲೆ, 2007ರಲ್ಲಿ, ಮುಖ್ಯ ನ್ಯಾಯಮೂರ್ತಿಯನ್ನು ಮುಷರಫ್ ಕೆಳಗಿಳಿಸಲು ಹೋದಾಗ ಕರಿಕೋಟಿನ ವಕೀಲರು ಬೀದಿಗಿಳಿದರು. ಅವರ ಪೈಕಿ ಎಷ್ಟು ಮಂದಿ ಅಂದು ಸಿಹಿ ತಿಂದಿದ್ದರೋ.

ಟರ್ಕಿಯಲ್ಲಿ 2016ರ ಜುಲೈ 15ರ ರಾತ್ರಿ ಹಳೆಯ ವಿಧಾನ ಸೋತಿತು. ಸಂಚುಕೋರರು ಸೇತುವೆ ಅಡ್ಡಗಟ್ಟಿ, ಸರ್ಕಾರಿ ಟಿವಿಗೆ ನುಗ್ಗಿ, ನಿರೂಪಕಿಯಿಂದ ತಮ್ಮ ಹೇಳಿಕೆ ಓದಿಸಿದರು. 1961ರ ಪಾಠವನ್ನು ಚೆನ್ನಾಗಿ ಕಲಿತಿದ್ದರು, ಆದರೆ 2016ರ ಪರೀಕ್ಷೆಗೆ ಕೂತಿದ್ದರು. ಸ್ವಲ್ಪ ಹೊತ್ತಿನಲ್ಲೇ ಖಾಸಗಿ ಚಾನೆಲ್ಲಿನ ಪತ್ರಕರ್ತೆಯೊಬ್ಬರು ತಮ್ಮ ಐಫೋನನ್ನು ಕ್ಯಾಮೆರಾಗೆ ಹಿಡಿದರು. ಅದರ ಪುಟ್ಟ ತೆರೆಯಲ್ಲಿ ಅಧ್ಯಕ್ಷ ಎರ್ಡೋಗನ್ ಬೀದಿಗಿಳಿಯಿರಿ ಎಂದು ಕರೆ ಕೊಡುತ್ತಿದ್ದರು. ಮಸೀದಿಗಳ ಮೈಕಿನಿಂದಲೂ ಕರೆ ಹೋಯಿತು. ಅಂಥದ್ದೇ ಫೋನನ್ನು ಈಗ ನರಸಾಪುರದಲ್ಲಿ ನಮ್ಮ ಹುಡುಗ ಹುಡುಗಿಯರು ಜೋಡಿಸುತ್ತಾರೆ. ಜನ ಟ್ಯಾಂಕಿಗೆ ಅಡ್ಡ ಮಲಗಿದರು, ಇನ್ನೂರೈವತ್ತರಷ್ಟು ಮಂದಿ ಸತ್ತರು, ಬೆಳಗಾಗುವ ಹೊತ್ತಿಗೆ ಸೈನಿಕರು ಸೇತುವೆಯ ಮೇಲೆ ಕೈ ಮೇಲೆತ್ತಿದರು. ಎರ್ಡೋಗನ್ ಅವರನ್ನು ಒಪ್ಪದ ಪಕ್ಷಗಳೂ ಅಂದು ದಂಗೆಯನ್ನು ವಿರೋಧಿಸಿದ್ದವು. ಆಮೇಲಿನ ಎರಡು ವರ್ಷದ ತುರ್ತು ಸ್ಥಿತಿಯಲ್ಲಿ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. ಜನ ಉಳಿಸಿಕೊಟ್ಟ ಕುರ್ಚಿಯಿಂದಲೇ ಅವರಿಗೆ ಪೆಟ್ಟು ಬಿತ್ತು ಎಂದು ಹೇಳದೆ ಹೋದರೆ ಈ ಕಥೆ ಅರ್ಧ.

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಬೆಳಗಿನ ಜಾವವೇ ಫೋನು, ಇಂಟರ್‌ನೆಟ್ ಕಡಿದಿತ್ತು. ಮರುದಿನದಿಂದ ಜನ ರಾತ್ರಿ ಎಂಟಕ್ಕೆ ಪಾತ್ರೆ ಬಡಿದರು. ಕೆಟ್ಟದ್ದನ್ನು ಮನೆಯಿಂದ ಓಡಿಸಲು ಅಲ್ಲಿ ಹಾಗೆ ಬಡಿಯುವ ವಾಡಿಕೆಯಿದೆ. ಹಿಂದಿನ ವರ್ಷ ನಾವೂ ಕೊರೊನಾಗೆ ತಟ್ಟೆ ಬಡಿದಿದ್ದೆವಲ್ಲ, ಸದ್ದು ಒಂದೇ, ಅಲ್ಲಿ ಬಡಿದವರ ಮೇಲೆ ಗುಂಡು ಹಾರಿತು. ಬರ್ಮಾ ಉದ್ದಿನಬೇಳೆ ಬಳಸುವ ನಮ್ಮ ಹೋಟೆಲುಗಳಿಗೆ ಬೇಳೆಯ ದರದ ಚಿಂತೆ. ದೂರದವರ ಪ್ರತಿಕ್ರಿಯೆ ಹೆಚ್ಚಾಗಿ ಇಷ್ಟೇ ಇರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮತ್ತೆ ಆ ಡಿಸೆಂಬರ್ ಸಂಜೆಗೆ ಬರೋಣ. ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಸೇನಾ ಶಾಸನ ಘೋಷಿಸಿದಾಗ ನಮ್ಮಲ್ಲಿ ಏಳು ಗಂಟೆಗೆ ಮೂರು ನಿಮಿಷ. ಅಲ್ಲಿ ರಾತ್ರಿ ಹತ್ತೂವರೆ. ಇದು ಜನರಲ್‌ಗಳ ದಂಗೆಯಲ್ಲ, ಆರಿಸಿಬಂದವರೇ ಸೇನೆಯನ್ನು ಕರೆದು ಸಂಸತ್ತಿನ ಬಾಯಿ ಮುಚ್ಚಿಸಲು ಹೊರಟದ್ದು. 1979ರ ಸೇನಾ ದಂಗೆಯನ್ನೂ, 1980ರಲ್ಲಿ ಗ್ವಾಂಗ್ಜುವಿನಲ್ಲಿ ಸೇನೆ ನಡೆಸಿದ ಹತ್ಯಾಕಾಂಡವನ್ನೂ ನೋಡಿದವರು ಅಲ್ಲಿ ಇನ್ನೂ ಇದ್ದಾರೆ. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಮಲಗುವ ಹೊತ್ತಿನಲ್ಲಿ ಕೋಟು ಹಾಕಿಕೊಂಡು ಸಂಸತ್ತಿನ ಕಡೆ ನಡೆದರು. ವಿರೋಧ ಪಕ್ಷದ ನಾಯಕ ಲೀ ಜೇ ಮ್ಯೂಂಗ್ ಬೇಲಿ ಹತ್ತುವುದನ್ನು ತಮ್ಮ ಫೋನಿನಲ್ಲೇ ನೇರ ಪ್ರಸಾರ ಮಾಡಿದರು. ಸಭಾಧ್ಯಕ್ಷರೂ ಬೇಲಿ ಹಾರಿದರು. ಒಳಗೆ ಸಿಬ್ಬಂದಿ ಮೇಜು ಕುರ್ಚಿ ಅಡ್ಡ ಹಾಕಿ, ಬೆಂಕಿ ಆರಿಸುವ ಪುಡಿ ಎರಚಿ ಸೈನಿಕರನ್ನು ತಡೆದರು. 300 ಸದಸ್ಯರಲ್ಲಿ ಒಳಸೇರಿದ್ದು 190 ಮಂದಿ. ಅಷ್ಟೂ ಮಂದಿ ಸೇನಾ ಶಾಸನದ ವಿರುದ್ಧ ಮತ ಹಾಕಿದರು. ಆಗ ನಮ್ಮಲ್ಲಿ ಒಂಬತ್ತೂವರೆ, ಮುದ್ದೆ ಸಾರು ಉಂಡು ಕೈ ತೊಳೆಯುವ ಹೊತ್ತು. ರಾತ್ರಿ ಒಂದಾಗುತ್ತಿದ್ದಂತೆ ಅಧ್ಯಕ್ಷರು ಘೋಷಣೆ ಹಿಂತೆಗೆದುಕೊಂಡರು. ಮರುವರ್ಷ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಅವರನ್ನು ಹುದ್ದೆಯಿಂದಲೇ ಇಳಿಸಿತು.

ನಮ್ಮಲ್ಲಿ ಇಂಥದ್ದು ಆಗದಿರುವುದು ಪುಣ್ಯದಿಂದಲ್ಲ. ಬ್ರಿಟಿಷರ ಕಾಲದ ಪ್ರಧಾನ ದಂಡನಾಯಕರ ಹುದ್ದೆಯನ್ನು 1955ರಲ್ಲಿ ತೆಗೆದು, ಮೂರು ಪಡೆಗಳಿಗೂ ಸಮಾನ ಮುಖ್ಯಸ್ಥರನ್ನು ಇಟ್ಟರು. ಆ ದಂಡನಾಯಕರು ಇದ್ದ ದಿಲ್ಲಿಯ ತೀನ್ ಮೂರ್ತಿ ಬಂಗಲೆ ಅದಕ್ಕೂ ಮೊದಲೇ ಪ್ರಧಾನಿಯ ಮನೆಯಾಗಿತ್ತು. ಮೇಲು ಯಾರು ಎಂದು ಮನೆಯ ವಿಳಾಸವೇ ಹೇಳುತ್ತಿತ್ತು.

ಆದರೆ ಬೆಂಚಿನ ಹಿರಿಯರ ಆಸೆ ಒಂದು ರೀತಿಯಲ್ಲಿ 1975ರ ಜೂನ್‌ನಲ್ಲಿ ಸೇನೆಯಿಲ್ಲದೆಯೇ ಈಡೇರಿತ್ತು. ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ ಬೆಂಗಳೂರಿನಲ್ಲೇ ಬಂಧನಕ್ಕೊಳಗಾದರು, ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಆ ದಿನಗಳ ಬಗ್ಗೆ ಕೇಳಿದರೆ ನಮ್ಮ ಕಡೆಯ ಅನೇಕರು ಇವತ್ತಿಗೂ, “ರೈಲು ಟೈಮಿಗೆ ಸರಿಯಾಗಿ ಬರ್ತಿತ್ತು, ಆಫೀಸಲ್ಲಿ ಕೆಲಸ ಆಗ್ತಿತ್ತು” ಎನ್ನುತ್ತಾರೆ. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನೇ ಸೋಲಿಸಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಇಲ್ಲಿ ಏಟು ಅಷ್ಟು ಜೋರಾಗಿ ಬಿದ್ದಿರಲಿಲ್ಲ, ಅರಸು ಸರ್ಕಾರದ ಭೂಸುಧಾರಣೆಯ ಋಣವೂ ಇತ್ತು. ಬೀಸಿದ ಕೋಲು ತಮ್ಮ ಬೆನ್ನಿಗೆ ತಗುಲದವರಿಗೆ ಅದು ಶಿಸ್ತಿನ ಹಾಗೆಯೇ ಕಾಣುತ್ತದೆ.

ಡಿಸೆಂಬರ್ 4ರ ಬೆಳಿಗ್ಗೆ ಅದೇ ಅಂಗಡಿಗೆ ಹೋದೆ. ಹಿರಿಯರು ಪೇಪರ್ ಹಿಡಿದಿದ್ದರು. ಜಿಲ್ಲೆಗೆ ಬರುವ ಪ್ರತಿ ಬೇಗ ಅಚ್ಚಾಗುತ್ತದೆ, ಅದರಲ್ಲಿ ಕೊರಿಯಾದಲ್ಲಿ ಸೇನಾ ಶಾಸನ ಇನ್ನೂ ಇತ್ತು. ಹುಡುಗ, “ಅದು ರಾತ್ರಿನೇ ಎತ್ತಾಕ್ಬುಟ್ರು ತಾತ” ಎಂದ. “ಯಾರು? ಮಿಲಿಟ್ರಿಯೋರಾ?” “ಇಲ್ಲ, ಎಂಪಿಗಳು. ಬೇಲಿ ಹಾರಿ ಒಳಗೋಗಿ ಓಟಾಕಿದ್ರಂತೆ.” ಅವರು ಪೇಪರ್ ಮಡಚಿದರು. “ಎಂಪಿಗಳು ಬೇಲಿ ಹಾರಿ ಒಳಗೋದ್ರಾ? ನಮ್ಮೋರು ರೆಸಾರ್ಟಿಗೆ ಹಾರೋದು ನೋಡಿದೀನಪ್ಪ, ಇದು ನೋಡಿರ್ಲಿಲ್ಲ.”