ಕೋಡ್ ಚೆನ್ನಾಗಿದ್ದರೆ ಸಾಲದು, ಓದೋಕೂ ಏನಾದ್ರೂ ಸಿಗಬೇಕು

ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಯಾವ ವೆಬ್ ಫ್ರೇಮ್‌ವರ್ಕ್ (ವೆಬ್‌ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಚೌಕಟ್ಟು) ವೇಗವಾಗಿದೆಯೋ ಅದೇ ಗೆಲ್ಲುತ್ತದಂತೆ. ವೇಗ ಅಳೆದ ಬೆಂಚ್‌ಮಾರ್ಕ್ ಪಟ್ಟಿ ತೆಗೆದು ತೋರಿಸುತ್ತಾರೆ. ಆದರೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಅವರೇ ಆರಿಸಿಕೊಳ್ಳುವುದು, ಮೊದಲ ದಿನ ಸಂಜೆಯೊಳಗೆ ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದನ್ನು. ಆ ಆಯ್ಕೆಯೇ ಸರಿ. ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ, ಫ್ರೇಮ್‌ವರ್ಕುಗಳು ಬೆಳೆದದ್ದೂ ಹಾಗೇ.

ರೂಬಿ ಆನ್ ರೈಲ್ಸ್ ಅನ್ನೋ ಫ್ರೇಮ್‌ವರ್ಕ್ ಹೊರಬಂದದ್ದು 2004ರಲ್ಲಿ. ಅದರ ಹೆಸರು ಊರೆಲ್ಲ ಹಬ್ಬಿಸಿದ್ದು ಮರುವರ್ಷದ ಒಂದು ವಿಡಿಯೋ. ಅದನ್ನು ಬರೆದ ಡೇವಿಡ್ ಹೈನಮೈಯರ್ ಹ್ಯಾನ್ಸನ್ 15 ನಿಮಿಷದಲ್ಲಿ ಒಂದು ಬ್ಲಾಗ್ ಕಟ್ಟಿ ತೋರಿಸಿದರು. ಆ ಕಾಲದಲ್ಲಿ ಜಾವಾ ಭಾಷೆ ಬಳಸುವವರು ಸೆಟ್ಟಿಂಗಿನ ಎಕ್ಸ್‌ಎಂಎಲ್ ಫೈಲು ತುಂಬಿಸುವುದರಲ್ಲೇ ಸುಸ್ತಾಗುತ್ತಿದ್ದರು. ಇದೆಲ್ಲ ಬರೀ ಮಾರ್ಕೆಟಿಂಗ್ ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಥದ್ದೊಂದು ಇದೆ ಅಂತ ಗೊತ್ತೇ ಆಗದಿದ್ದರೆ ಬಳಸುವವರು ಯಾರು?

ಆದರೆ ಪ್ರಚಾರ ಕರೆದು ತರುತ್ತದೆ, ಅಷ್ಟೇ. ತೀರ್ಥಹಳ್ಳಿ ರಸ್ತೆಯಲ್ಲಿ ದೊಡ್ಡ ಬೋರ್ಡ್ ಹಾಕಿ, ಒಳಗಿನ ಕವಲು ದಾರಿಗಳಲ್ಲಿ ಒಂದು ಬಾಣದ ಗುರುತೂ ಇಡದ ಹೋಂಸ್ಟೇ ಇರುತ್ತಲ್ವಾ, ಡಾಕ್ಯುಮೆಂಟೇಶನ್ (ಬಳಸೋದು ಹೇಗೆ ಅಂತ ತಿಳಿಸುವ ಬರವಣಿಗೆ, ಚಿಕ್ಕದಾಗಿ ಡಾಕ್ಸ್) ಇಲ್ಲದ ಫ್ರೇಮ್‌ವರ್ಕ್ ಹಾಗೆ. ಬಂದವರು ಮೂರನೇ ತಿರುವಿನಲ್ಲಿ ವಾಪಸ್ಸು ಹೋಗುತ್ತಾರೆ.

ಈಗ ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಜ್ಯಾಂಗೋ ನೋಡಿ. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಸಿಕ್ಕಿತು. ಸುದ್ದಿಮನೆಯ ಕೂಸು ಅನ್ನೋದಕ್ಕೋ ಏನೋ, ಅಲ್ಲಿ ಬರವಣಿಗೆಗೆ ಬೆಲೆ ಜಾಸ್ತಿ. ಹೊಸ ಫೀಚರ್ ಸೇರಿಸಬೇಕೆಂದರೆ ಅದರ ಡಾಕ್ಸನ್ನೂ ಬರೆದುಕೊಡಬೇಕು.

ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಎರರ್ ಪುಟ. ಜ್ಯಾಂಗೋದಲ್ಲಿ ಕಟ್ಟುತ್ತಿರುವ ಸೈಟಿನ ವಿಳಾಸವನ್ನು ಬ್ರೌಸರಿನಲ್ಲಿ ತಪ್ಪಾಗಿ ಟೈಪ್ ಮಾಡಿ ನೋಡಿ. 'ಸಿಗಲಿಲ್ಲ' ಅಂತ ಹೇಳಿ ಸುಮ್ನೆ ಕೂರುವುದಿಲ್ಲ. ನಾನು ಈ ಈ ವಿಳಾಸಗಳನ್ನು, ಈ ಕ್ರಮದಲ್ಲಿ ಹೋಲಿಸಿ ನೋಡಿದೆ, ನೀವು ಕೇಳಿದ್ದು ಯಾವುದಕ್ಕೂ ಹೊಂದಲಿಲ್ಲ ಅಂತ ಪಟ್ಟಿ ಕೊಡುತ್ತದೆ. ಡೀಬಗ್ (ತಪ್ಪು ಹುಡುಕಲು ಇರುವ ಸೆಟ್ಟಿಂಗ್) ಆನ್ ಇರೋದರಿಂದ ಇದು ಕಾಣುತ್ತಿದೆ ಅಂತ ಕೆಳಗಡೆ ಇನ್ನೊಂದು ಸಾಲು. ಇದರ ಬೆಲೆ ಎಷ್ಟು ಅನ್ನೋದು ಹೊಸಬನಿಗೇ ಗೊತ್ತು. ತನಗೆ ಏನು ಗೊತ್ತಿಲ್ಲ ಅನ್ನೋದಕ್ಕೆ ಅವನ ಬಳಿ ಹೆಸರಿಲ್ಲ. ಹೆಸರಿಲ್ಲದ್ದನ್ನು ಗೂಗಲ್ಲಿನಲ್ಲಿ ಹುಡುಕುವುದು ಹೇಗೆ? ಆ ಪುಟ ಅವನಿಗೆ ಹುಡುಕಬೇಕಾದ ಪದವನ್ನೇ ಕೈಗೆ ಕೊಡುತ್ತದೆ. ಡಾಕ್ಸ್ ಓದಲು ಅವನು ಬೇರೆ ಕಡೆ ಹೋಗಬೇಕಿಲ್ಲ, ಅವನು ಸಿಕ್ಕಿಬಿದ್ದ ಜಾಗಕ್ಕೇ ಅದು ಬರುತ್ತದೆ.

ಡಾಕ್ಸಿನ ಪ್ರತಿ ಪುಟದಲ್ಲೂ ಆವೃತ್ತಿ ಆರಿಸುವ ಗುಂಡಿ ಇದೆ. ಅದು ಯಾಕೆ ಬೇಕು ಅಂತ ಹಳೇ ವಿಡಿಯೋ ನೋಡಿ ಕಲಿಯುವವರನ್ನು ಕೇಳಿ. 2017ರ ಕೊನೆಗೆ ಬಂದ ಜ್ಯಾಂಗೋ 2.0ರಲ್ಲಿ ಸೈಟಿನ ವಿಳಾಸಗಳನ್ನು ಬರೆಯಲು 'ಪಾತ್' ಅನ್ನೋ ಹೊಸ ಫಂಕ್ಷನ್ ಶುರುವಾಯಿತು. 2021ರ ಕೊನೆಗೆ ಬಂದ 4.0ರಲ್ಲಿ ಅದೇ ಕೆಲಸದ ಹಳೇ 'ಯುಆರ್‌ಎಲ್' ಫಂಕ್ಷನ್ನನ್ನೇ ತೆಗೆದರು. ಹಳೇ ವಿಡಿಯೋದಲ್ಲಿ ಓಡಿದ ಸಾಲು ನಮ್ಮೂರ ಹುಡುಗಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಇಂಪೋರ್ಟ್ ಎರರ್ ಕೊಡುತ್ತದೆ. ತನಗೇ ತಲೆ ಓಡುತ್ತಿಲ್ಲ ಅಂದುಕೊಂಡು ಅವಳು ಕೈಬಿಡುತ್ತಾಳೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ದೊಡ್ಡ ಹೆಸರಿದ್ದರೆ ಡಾಕ್ಸ್ ಹಿಂದೆ ಬಿದ್ದರೂ ನಡೆಯುತ್ತದೆ, ಅದೂ ಸತ್ಯ. ವೆಬ್ ಪುಟದ ಮುಖ ಕಟ್ಟುವ ರಿಯಾಕ್ಟ್‌ಗೆ ಹುಕ್ಸ್ ಅನ್ನೋ ಹೊಸ ಬರೆಯುವ ವಿಧಾನ ಬಂದದ್ದು 2019ರಲ್ಲಿ. ಅದನ್ನೇ ಮೊದಲಿಟ್ಟು ಕಲಿಸುವ ಹೊಸ ಡಾಕ್ಸ್ ಬಂದದ್ದು 2023ರಲ್ಲಿ. ಬೆನ್ನ ಹಿಂದೆ ಫೇಸ್‌ಬುಕ್ ಇತ್ತು, ತಡೆದುಕೊಂಡಿತು. ಅದೇ ಕೆಲಸಕ್ಕೆ 2014ರಲ್ಲಿ ಎವಾನ್ ಯೂ ಬಿಡುಗಡೆ ಮಾಡಿದ ವ್ಯೂ ಫ್ರೇಮ್‌ವರ್ಕಿಗೆ ಅಂಥ ಬೆಂಬಲ ಇರಲಿಲ್ಲ. ಸರಳವಾದ ಡಾಕ್ಸ್ ಅದರ ಕೈಹಿಡಿಯಿತು. ಚೀನೀ ಭಾಷೆಯಲ್ಲೂ ಡಾಕ್ಸ್ ಇದ್ದದ್ದರಿಂದ ಅಲ್ಲಿನ ಹುಡುಗರು ಇಂಗ್ಲಿಷಿಗಾಗಿ ಕಾಯಬೇಕಾಗಲಿಲ್ಲ.

ಹೊಸನಗರದಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿಗೂ ಇದು ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುವ ಊರು ನಮ್ಮದು. ಜ್ಯಾಂಗೋ ಡಾಕ್ಸ್ ಪಿಡಿಎಫ್ ಆಗಿ ಸಿಗುತ್ತದೆ, ಇಳಿಸಿಟ್ಟುಕೊಳ್ಳಬಹುದು. ಆದರೆ ಮೊದಲ ಪಾಠವನ್ನಾದರೂ ಯಾರಾದರೂ ಕನ್ನಡದಲ್ಲಿ ಬರೆಯಬೇಕು. ಜ್ಯಾಂಗೋ ಡಾಕ್ಸಿನ ಮೊದಲ ಪಾಠದಲ್ಲಿರುವ ಮತ ಹಾಕುವ ಸೈಟಿನ ಉದಾಹರಣೆ ಬಿಡಿ, ಅಡಿಕೆ ಮಂಡಿ ತಗೊಳ್ಳಿ. ರಾಶಿ, ಬೆಟ್ಟೆ, ಗೊರಬಲು, ಸರಕು. ಬಗೆ, ದಿನಾಂಕ, ಕನಿಷ್ಠ ದರ, ಗರಿಷ್ಠ ದರ ಅಂತ ನಾಲ್ಕು ಫೀಲ್ಡ್ ಬರೆದರೆ ಒಂದು ಮಾಡೆಲ್, ಅಂದರೆ ಮಾಹಿತಿ ಹೇಗಿರಬೇಕು ಅನ್ನೋ ನಕ್ಷೆ, ಆಯ್ತು. ಅದನ್ನು ಅಡ್ಮಿನ್‌ಗೆ (ಮಾಹಿತಿ ತುಂಬಲು ಜ್ಯಾಂಗೋ ಜೊತೆಗೇ ಬರುವ ಪುಟಗಳಿಗೆ) ಸೇರಿಸಿದರೆ ದರ ತುಂಬುವ ಫಾರ್ಮನ್ನು ಜ್ಯಾಂಗೋನೇ ಮಾಡಿಕೊಡುತ್ತದೆ. ಯಾವ ಆವೃತ್ತಿಗೆ ಬರೆದದ್ದು ಅಂತ ಮೊದಲ ಸಾಲಿನಲ್ಲೇ ಹಾಕಿಬಿಡಿ.