ಊರ ಗಾಳಿಯಿಂದ ಊರಿಗೇನು ಲಾಭ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಊರ ಸುತ್ತ ಈಗಾಗಲೇ ವಿಂಡ್‌ಮಿಲ್‌ಗಳಿವೆ. ಇನ್ನಷ್ಟು ನಿಲ್ಲಿಸುತ್ತೇವೆಂದು ಹೊಲ ಕೇಳಲು ಬಂದಿದ್ದಾರೆ. ಮೊದಲಿನವು ತಿರುಗುತ್ತಿದ್ದರೂ ಮನೆಯಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಹೊಸವು ಬಂದರೆ ನಮಗೇನು ಲಾಭ?

ಉತ್ತರ: ಕರೆಂಟಿನ ಆಸೆಯನ್ನು ಮೊದಲು ಬಿಟ್ಟುಬಿಡಿ. ಯಂತ್ರಗಳ ವಿದ್ಯುತ್ತನ್ನು ಸಾಮಾನ್ಯವಾಗಿ 33 ಕಿಲೋವೋಲ್ಟ್‌ಗೆ ಏರಿಸಿ ಒಂದು ಉಪಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿಂದ ಅದು ಇನ್ನೂ ಹೆಚ್ಚಿನ ವೋಲ್ಟೇಜಿನಲ್ಲಿ ದೊಡ್ಡ ಜಾಲಕ್ಕೆ ಸೇರುತ್ತದೆ. ನಿಮ್ಮ ಮನೆಗೆ ಬರುವುದು ಜೆಸ್ಕಾಂ ಫೀಡರಿನ, ಅಂದರೆ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಊರಿಗೆ ಎಳೆದ ಲೈನಿನ ವಿದ್ಯುತ್. ಆ ಫೀಡರಿನ ತಂತಿ ಹರಿದರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ, ಪಕ್ಕದ ಹೊಲದಲ್ಲಿ ಎಷ್ಟು ಯಂತ್ರ ತಿರುಗುತ್ತಿದ್ದರೂ ಮನೆ ಕತ್ತಲೆಯೇ.

ಲಾಭ ಬೇರೆ ಕಡೆ ಇದೆ. ಅದು ತಾನಾಗಿ ಬರುವುದಿಲ್ಲ, ಬರೆಸಿಕೊಳ್ಳಬೇಕು. ವಿಸ್ತರಣೆಯ ಹೊತ್ತು ಅದಕ್ಕೆ ತಕ್ಕ ಸಮಯ: ಹೊಸ ಜಾಗ, ಹೊಸ ದಾರಿ, ತಂತಿ ಎಳೆಯಲು ಒಪ್ಪಿಗೆ, ಎಲ್ಲಕ್ಕೂ ಕಂಪನಿಯವರು ಮತ್ತೆ ನಿಮ್ಮ ಬಾಗಿಲಿಗೇ ಬರಬೇಕು.

ಒಂದು ಯಂತ್ರದ ಹಿಂದೆ ಇನ್ನೊಂದನ್ನು ಹತ್ತಿರ ನಿಲ್ಲಿಸಿದರೆ ಹಿಂದಿನದಕ್ಕೆ ಗಾಳಿ ಸಾಲದು. ಹಾಗಾಗಿ ನಡುವೆ ನೂರಾರು ಮೀಟರ್ ಬಿಡುತ್ತಾರೆ, ಅಲ್ಲಿ ತೊಗರಿ, ಜೋಳ, ಕಡಲೆ ಎಂದಿನಂತೆ ಬೆಳೆಯಬಹುದು. ಯಂತ್ರದ ಬುಡಕ್ಕೆ ಬೇಕಾದ ಜಾಗವನ್ನು ಮಾರುವುದಕ್ಕಿಂತ ಗುತ್ತಿಗೆಗೆ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಾರಿದ ಹಣ ಒಂದು ಮದುವೆಗೆ ಕರಗುತ್ತದೆ. ಗುತ್ತಿಗೆಯ ಹಣ ಮಳೆ ಕೈಕೊಟ್ಟ ವರ್ಷವೂ ಬರುತ್ತದೆ. ಯಂತ್ರದ ಆಯುಸ್ಸು 20ರಿಂದ 25 ವರ್ಷ. ಆದ್ದರಿಂದ ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರಬೇಕು, ಅವಧಿ ಮುಗಿದ ಮೇಲೆ ಕಾಂಕ್ರೀಟ್ ಅಗೆದು ನೆಲ ಸರಿಪಡಿಸುವವರು ಯಾರು ಎಂಬುದೂ ಪತ್ರದಲ್ಲಿರಲಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಬಾಂಡ್ ಪೇಪರಿನ ಮೇಲಿನ ಸಹಿಯಷ್ಟೇ ಸಾಲದು.

ಇನ್ನು ದಾರಿ. ನನ್ನ ಕಣ್ಣಿಗೆ ಕಟ್ಟಿದ ಚಿತ್ರವೊಂದನ್ನು ಹೇಳುತ್ತೇನೆ. ಎರೆ ಭೂಮಿಯಲ್ಲಿ ಮಳೆಗಾಲಕ್ಕೆ ಬರಿಗಾಲೇ ಹೂತುಹೋಗುತ್ತದೆ, ಯಂತ್ರದ ರೆಕ್ಕೆ ಹೊತ್ತ ಟ್ರೇಲರ್‌ನ ಪಾಡೇನು? ಅದಕ್ಕೆಂದೇ ಹೊಲದ ನಡುವೆ ಮೊಣಕಾಲೆತ್ತರಕ್ಕೆ ಮುರಂ ಸುರಿದು ದಾರಿ ಮಾಡಿದ್ದರು. ದಾರಿ ಚೆನ್ನಾಗಿಯೇ ಇತ್ತು, ಟ್ರ್ಯಾಕ್ಟರ್, ಶಾಲೆಯ ಮಕ್ಕಳು ಎಲ್ಲ ಅದರ ಮೇಲೇ ಓಡಾಡುತ್ತಿದ್ದರು. ಆದರೆ ಅಡಿಯಲ್ಲಿ ಒಂದು ಪೈಪು ಹಾಕಿರಲಿಲ್ಲ. ಹಳ್ಳಕ್ಕೆ ಹೋಗಬೇಕಾದ ನೀರು ದಾರಿಗೆ ತಡೆದು ಮೇಲಿನ ಹೊಲದಲ್ಲಿ ನಿಂತಿತು. ತೊಗರಿಗೆ ನಿಂತ ನೀರು ಆಗುವುದಿಲ್ಲ. ಹಳದಿಗಟ್ಟಿ, ಸಾಲಿಗೆ ಸಾಲೇ ಒಣಗಿತ್ತು. ಆ ರೈತ ಯಂತ್ರಕ್ಕೆ ಒಂದು ಗುಂಟೆಯನ್ನೂ ಕೊಟ್ಟವನಲ್ಲ, ಅವನಿಗೆ ಬಾಡಿಗೆಯೂ ಇಲ್ಲ, ಪರಿಹಾರವೂ ಇಲ್ಲ. ಆದ್ದರಿಂದ ನೀರು ಎಲ್ಲೆಲ್ಲಿ ಹರಿಯುತ್ತದೆಂದು ಊರ ಹಿರಿಯರೇ ಎಂಜಿನಿಯರರನ್ನು ಕರೆದೊಯ್ದು ತೋರಿಸಲಿ. ಕೆಲಸ ತೊಗರಿ ರಾಶಿಯಾದ ಮೇಲೆ ಶುರುವಾಗಲಿ.

ಕೆಲಸದ ಬಗ್ಗೆ ಬಣ್ಣದ ಮಾತು ನಂಬಬೇಡಿ. ಕಟ್ಟುವ ತಿಂಗಳುಗಳಲ್ಲಿ ಕೂಲಿ, ವಾಹನ ಬಾಡಿಗೆ, ಖಾನಾವಳಿಗೆ ವ್ಯಾಪಾರ ಸಿಗುತ್ತದೆ. ಆಮೇಲೆ ಉಳಿಯುವುದು ಕೆಲವು ಕಾವಲುಗಾರರು, ತಂತ್ರಜ್ಞರು. ಐಟಿಐ, ಡಿಪ್ಲೊಮಾ ಓದಿದ ನಿಮ್ಮೂರ ಮಕ್ಕಳಿಗೆ ತರಬೇತಿ ಕೊಟ್ಟು ತೆಗೆದುಕೊಳ್ಳಲಿ ಎಂದು ಈಗಲೇ ಕೇಳಿ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹೊಲ ಇಲ್ಲದವರಿಗೂ ಪಾಲು ಸಿಗುವುದು ಇಲ್ಲಿಯೇ. ಕಮಾನು, ಬಣ್ಣದ ಫಲಕಗಳಿಗೆ ಒಪ್ಪದೆ, ಕುಡಿಯುವ ನೀರೋ ಶಾಲೆಯ ಕೋಣೆಯೋ ಗ್ರಾಮಸಭೆಯಲ್ಲಿ ಠರಾವು ಮಾಡಿ ಕೊಡಿ.

ಕೇಂದ್ರದ 2016ರ ಮಾರ್ಗಸೂಚಿ ಸದ್ದಿನ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ಬೇಡ ಎಂದಿತ್ತು. ಹೊಲದಲ್ಲೇ ಮನೆ ಕಟ್ಟಿಕೊಂಡವರು ಈಗಿನ ನಿಯಮ ಕೇಳಿ ತಿಳಿದು ಅಳತೆ ಮಾಡಿಸಲಿ. ಕರಾರಿನ ಕನ್ನಡ ಪ್ರತಿ ಕೇಳಿ ಪಡೆಯಿರಿ. ಪಹಣಿಯಲ್ಲಿ ಹೆಸರಿರುವ ಅಕ್ಕತಂಗಿಯರನ್ನೂ ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಸಹಿ ಹಾಕಿ.