ಖಾಲಿ ಕೂತ ಕೌಂಟರಿನ ಲೆಕ್ಕ

ಜನ, ಯಂತ್ರ, ಸಮಯಗಳನ್ನು ವ್ಯರ್ಥವಾಗದಂತೆ ಹೊಂದಿಸುವ ಶಾಸ್ತ್ರವಾದ ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳಿಗೆ ಪದವಿಯ ನಡುವಿನ ವರ್ಷಗಳಲ್ಲಿ ಎದುರಾಗುವ ಒಂದು ಲೆಕ್ಕ ಹೀಗಿದೆ. ಹೊರರೋಗಿ ವಿಭಾಗದಲ್ಲಿ ಒಬ್ಬರೇ ವೈದ್ಯರಿದ್ದಾರೆ. ಒಬ್ಬ ರೋಗಿಯನ್ನು ನೋಡಲು ಅವರಿಗೆ ಸರಾಸರಿ 5 ನಿಮಿಷ ಬೇಕು, ಆದರೆ ಕೆಲವರಿಗೆ ಕಡಿಮೆ, ಕೆಲವರಿಗೆ ಹೆಚ್ಚು ಹಿಡಿಯುತ್ತದೆ. ರೋಗಿಗಳು ತಮತಮಗೆ ಅನುಕೂಲವಾದ ಹೊತ್ತಿಗೆ ಬರುತ್ತಾರೆ. ವೈದ್ಯರ ಸಮಯದಲ್ಲಿ ಶೇ 50ರಷ್ಟು ಮಾತ್ರ ಕೆಲಸಕ್ಕೆ ಹೋಗುವಷ್ಟು ರೋಗಿಗಳಿದ್ದರೆ ಒಬ್ಬೊಬ್ಬರೂ ಸರಾಸರಿ 5 ನಿಮಿಷ ಕಾಯುತ್ತಾರೆ. ಈ ಪ್ರಮಾಣ ಶೇ 80ಕ್ಕೆ ಏರಿದರೆ ಕಾಯುವಿಕೆ 20 ನಿಮಿಷವಾಗುತ್ತದೆ, ಶೇ 90ಕ್ಕೆ 45 ನಿಮಿಷ, ಶೇ 95ಕ್ಕೆ 95 ನಿಮಿಷ. ಶೇ 99ಕ್ಕೆ ಏರಿದರೆ ಬರುವ ಉತ್ತರ 8 ಗಂಟೆ 15 ನಿಮಿಷ. ಅಂಥ ಒತ್ತಡ ದಿನಗಟ್ಟಲೆ ಎಡೆಬಿಡದೆ ನಡೆದಾಗ ಮಾತ್ರ ಈ ಕೊನೆಯ ಸರಾಸರಿ ಕಾಣಸಿಗುತ್ತದೆ, ನಿಜ. ಆದರೂ ವೈದ್ಯರಿಗೆ ಉಳಿದಿದ್ದ ಶೇ 5ರ ಬಿಡುವಿನಲ್ಲಿ ನಾಲ್ಕು ಪಾಲನ್ನು ಕಿತ್ತುಕೊಂಡಾಗ ರೋಗಿಗಳ ತಲೆಯ ಮೇಲೆ ಆರೂವರೆ ಗಂಟೆಗೂ ಹೆಚ್ಚಿನ ಕಾಯುವಿಕೆ ಬೀಳುತ್ತದೆ ಎಂಬುದನ್ನು ಮೊದಲ ಸಲ ನೋಡಿದವರಿಗೆ ಎಲ್ಲೋ ಲೆಕ್ಕ ತಪ್ಪಿದೆ ಎನಿಸುವುದು ಸಹಜ.

ಲೆಕ್ಕ ತಪ್ಪಿಲ್ಲ. ಕೆಲಸದಲ್ಲಿರುವ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸಿ, ಬಂದದ್ದನ್ನು 5 ನಿಮಿಷದಿಂದ ಗುಣಿಸಿದರೆ ಮೇಲಿನ ಅಷ್ಟೂ ಅಂಕಿಗಳು ಸಿಗುತ್ತವೆ. ಬಿಡುವು ಅರ್ಧಕ್ಕೆ ಇಳಿದಾಗಲೆಲ್ಲ ಕಾಯುವಿಕೆ ದುಪ್ಪಟ್ಟಿಗಿಂತ ಹೆಚ್ಚುತ್ತದೆ, ಬಿಡುವು ಸೊನ್ನೆಯಾದರೆ ಅದಕ್ಕೆ ಮಿತಿಯೇ ಇರುವುದಿಲ್ಲ. ಬಿಡುವನ್ನು ಅಳಿಸಿಹಾಕಲೆಂದೇ ಹುಟ್ಟಿದ ಶಾಸ್ತ್ರವೊಂದು ಇಂದು ತನ್ನ ವಿದ್ಯಾರ್ಥಿಗಳಿಗೆ ಬಿಡುವು ಏಕೆ ಬೇಕೆಂಬುದನ್ನು ಗಣಿತದ ಮೂಲಕ ಕಲಿಸುತ್ತಿದೆ. ಈ ಪಠ್ಯಕ್ರಮದ ಅತ್ಯಂತ ಬೆಲೆಬಾಳುವ ಪಾಠ ಇದೇ ಎಂದು ನಾನು ನಂಬಿದ್ದೇನೆ.

ಶಾಸ್ತ್ರದ ಹುಟ್ಟು ಹೇಗಾಯಿತೆಂದು ನೋಡಿದರೆ ಈ ತಿರುವು ಎಷ್ಟು ದೊಡ್ಡದೆಂದು ತಿಳಿಯುತ್ತದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಫ್ರೆಡರಿಕ್ ಟೇಲರ್ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಒಂದೊಂದು ಚಲನೆಗೂ ಸಮಯ ಬರೆದುಕೊಂಡರು. ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಕೈಗಳ ಚಲನೆಯನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಬೇಡದ ಚಲನೆಗಳನ್ನು ಒಂದೊಂದಾಗಿ ಕಿತ್ತುಹಾಕುವ ದಾರಿ ಹುಡುಕಿದರು. ಈ ಚಿಂತನೆಯನ್ನೇ ಆಧಾರವಾಗಿಟ್ಟುಕೊಂಡು ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಲ್ಲಿ 20ನೆಯ ಶತಮಾನದ ಮೊದಲ ದಶಕದಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕಲಿಕೆ ಆರಂಭವಾಯಿತು. ಅಳೆಸಿಕೊಳ್ಳುವವರಿಗೆ ಇದು ಹಿತವಾಗಿರಲಿಲ್ಲ. 1911ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚನ್ನು ವಿರೋಧಿಸಿ ಮುಷ್ಕರ ಹೂಡಿದರು, ಟೇಲರ್ ಪದ್ಧತಿಯ ಬಗ್ಗೆ ಅಮೆರಿಕದ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. ಕೆಲಸದ ಅಳತೆ ಇಂದಿಗೂ ಪಠ್ಯದಲ್ಲಿದೆ. ಅಳೆಯುವಾಗ ಆಯಾಸಕ್ಕೂ ವಿರಾಮಕ್ಕೂ ಸಮಯ ಕೂಡಿಸಬೇಕೆಂಬ ನಿಯಮ ಅದರ ಜೊತೆಗೇ ಬರುತ್ತದೆ.

ತಿರುವಿಗೆ ಕಾರಣವಾದ ಗಣಿತ ಕಾರ್ಖಾನೆಯಿಂದ ಬರಲಿಲ್ಲ, ಟೆಲಿಫೋನ್ ವಿನಿಮಯ ಕೇಂದ್ರದಿಂದ ಬಂತು. ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್ 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದಾಗ ಅವರ ಮುಂದಿದ್ದ ಪ್ರಶ್ನೆ ತೀರಾ ವ್ಯಾವಹಾರಿಕವಾದುದು: ಕರೆ ಮಾಡುವವರು ಹೆಚ್ಚು ಕಾಯದಿರಲು ಎಷ್ಟು ತಂತಿಗಳು, ಎಷ್ಟು ಮಂದಿ ಆಪರೇಟರುಗಳು ಬೇಕು? ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಮಂದಿ ಮಾಡುವ ಕರೆಗಳಲ್ಲೂ ಸಂಭವನೀಯತೆಯ ಒಂದು ಕ್ರಮವಿದೆ ಎಂಬುದನ್ನು 1909ರ ಪ್ರಬಂಧದಲ್ಲಿ ಅವರು ತೋರಿಸಿದರು; ಎಷ್ಟು ಕರೆಗಳು ಕೈತಪ್ಪುತ್ತವೆ, ಎಷ್ಟು ಕಾಯುತ್ತವೆ ಎಂಬುದರ ಸೂತ್ರಗಳನ್ನು 1917ರಲ್ಲಿ ಪ್ರಕಟಿಸಿದರು. ನೂರು ವರ್ಷ ದಾಟಿದ ಆ ಸೂತ್ರಗಳನ್ನು ಇಂದಿನ ಕಾಲ್ ಸೆಂಟರುಗಳು ಸಿಬ್ಬಂದಿ ನಿಯೋಜಿಸಲು ಈಗಲೂ ಬಳಸುತ್ತವೆ. ಕರ್ನಾಟಕದಲ್ಲಿ ಈ ಶಾಸ್ತ್ರವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಓದುತ್ತಾರೆ. ಹೆಸರು ಯಾವುದಿದ್ದರೂ ತೀರ್ಮಾನಗಳಿಗೆ ಗಣಿತ ಬಳಸುವುದನ್ನು ಕಲಿಸುವ ಆಪರೇಷನ್ಸ್ ರಿಸರ್ಚ್ ತರಗತಿಯಲ್ಲಿ ಎರ್ಲಾಂಗರನ್ನು ದಾಟದೆ ಮುಂದೆ ಹೋಗುವಂತಿಲ್ಲ.

ಸರದಿ ಏಕೆ ಬೆಳೆಯುತ್ತದೆ ಎಂಬುದನ್ನು ಸೂತ್ರಕ್ಕಿಂತ ಚೆನ್ನಾಗಿ ಕಲಿಸುವುದು ಕ್ಷೇತ್ರಕಾರ್ಯ. ಯಾವುದಾದರೂ ಆಸ್ಪತ್ರೆಯ ಹೊರರೋಗಿ ವಿಭಾಗದ ಪಡಸಾಲೆಯಲ್ಲಿ ಒಂದು ಬೆಳಗ್ಗೆ ಕುಳಿತು, ಹಾಳೆಯ ಮೇಲೆ ಮೂರು ಅಂಕಣ ಎಳೆದು, ರೋಗಿ ಬಂದ ಸಮಯ, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಬರೆದುಕೊಂಡರೆ ಸಾಕು. ಒಂಬತ್ತು ಗಂಟೆಗೆ ಬಾಗಿಲು ತೆರೆದಿದೆ, ಹತ್ತು ನಿಮಿಷ ಯಾರೂ ಇಲ್ಲ, ವೈದ್ಯರು ಕುರ್ಚಿಯಲ್ಲಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ಹಳ್ಳಿ ಕಡೆಯ ಬಸ್ಸು ಬಂದು ನಿಲ್ಲುತ್ತದೆ, ಹತ್ತು ಹನ್ನೆರಡು ಮಂದಿ ಒಟ್ಟಿಗೆ ಚೀಟಿ ಮಾಡಿಸಿಕೊಂಡು ಬೆಂಚಿನಲ್ಲಿ ಕೂರುತ್ತಾರೆ. ಮೊದಲು ಒಳಗೆ ಹೋದವರು ಬಿ.ಪಿ. ಮಾತ್ರೆ ಮತ್ತೆ ಬರೆಸಿಕೊಂಡು ಒಂದೇ ನಿಮಿಷದಲ್ಲಿ ಹೊರಬರುತ್ತಾರೆ. ಅವರ ಹಿಂದಿನ ಅಜ್ಜಿ ಮೂರು ಆಸ್ಪತ್ರೆಗಳ ಹಳೆಯ ರಿಪೋರ್ಟುಗಳನ್ನು ಕೈಚೀಲದಲ್ಲಿ ತಂದಿದ್ದಾರೆ. ಒಂದೊಂದನ್ನೂ ತೆಗೆದು ತೋರಿಸಿ, ಮೊಮ್ಮಗನಿಂದ ವಿವರಣೆ ಕೊಡಿಸಿ, ಎದ್ದು ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಇಬ್ಬರೂ ನ್ಯಾಯವಾಗಿಯೇ ಸಮಯ ತೆಗೆದುಕೊಂಡಿದ್ದಾರೆ, ವೈದ್ಯರೂ ಮೈಗಳ್ಳರಲ್ಲ. ಆದರೆ ಒಂಬತ್ತು ಗಂಟೆಗೆ ಖಾಲಿ ಹೋದ ಹತ್ತು ನಿಮಿಷವನ್ನು ತೆಗೆದಿಟ್ಟು ಒಂಬತ್ತೂವರೆಗೆ ಬಳಸಲು ಬರುವುದಿಲ್ಲ. ನಷ್ಟವಾದ ಬಿಡುವು ಮರಳಿ ಬಾರದು, ಕೂಡಿಬಿದ್ದ ಸಾಲು ಮಾತ್ರ ಮುಂದಿನವರಿಗೆ ದಾಟುತ್ತಾ ಹೋಗುತ್ತದೆ. ಸರಾಸರಿಯಲ್ಲಿ ವೈದ್ಯರಿಗೆ ಸಾಕಷ್ಟು ಸಮಯವಿದ್ದರೂ ಸಾಲು ಹುಟ್ಟುವುದು ಈ ಕಾರಣದಿಂದ.

ಅಂದರೆ ಸರದಿಗೆ ಕಾರಣ ಕೆಲಸದ ಒತ್ತಡವೊಂದೇ ಅಲ್ಲ, ಏರುಪೇರು ಕೂಡ. ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಪ್ರಕಟಿಸಿದ ಸೂತ್ರ ಇದನ್ನು ಸೊಗಸಾಗಿ ಹಿಡಿದಿಡುತ್ತದೆ: ಕಾಯುವ ಸಮಯವು ಸ್ಥೂಲವಾಗಿ ಮೂರು ಅಂಶಗಳ ಗುಣಲಬ್ಧ. ಕೆಲಸಕ್ಕೂ ಬಿಡುವಿಗೂ ಇರುವ ಅನುಪಾತ ಒಂದು, ಬರುವಿಕೆ ಮತ್ತು ಸೇವೆಗಳಲ್ಲಿನ ಏರುಪೇರಿನ ಅಳತೆ ಇನ್ನೊಂದು, ಒಬ್ಬರಿಗೆ ಬೇಕಾದ ಸರಾಸರಿ ಸಮಯ ಮತ್ತೊಂದು. ಶೇ 90ರಷ್ಟು ಕೆಲಸವಿರುವ ನಮ್ಮ ವೈದ್ಯರು ಪ್ರತಿಯೊಬ್ಬರಿಗೂ ಸರಿಯಾಗಿ 5 ನಿಮಿಷವನ್ನೇ ಕೊಡುವಂತಿದ್ದರೆ, ಬೇರೇನೂ ಬದಲಾಗದೆ ಕಾಯುವಿಕೆ 45 ನಿಮಿಷದಿಂದ 22 ನಿಮಿಷ 30 ಸೆಕೆಂಡಿಗೆ ಇಳಿಯುತ್ತದೆ. ರೋಗಿಗಳೂ ಗಡಿಯಾರದಂತೆ ಸಮ ಅಂತರದಲ್ಲಿ ಬಂದರೆ ಕಾಯುವ ಮಾತೇ ಇಲ್ಲ. ಮನುಷ್ಯರ ಕಾಯಿಲೆ ಹಾಗೆ ಸಮನಾಗಿರುವುದಿಲ್ಲ, ಇರಬೇಕೆಂದು ಬಯಸುವುದೂ ಸಲ್ಲ. ಆದರೆ ಮಾತ್ರೆ ಬರೆಸಿಕೊಳ್ಳಲಷ್ಟೇ ಬಂದವರಿಗೆ ಬೇರೆ ವ್ಯವಸ್ಥೆ ಮಾಡುವುದು, ಮತ್ತೆ ಬರುವವರಿಗೆ ಬೇರೆ ಬೇರೆ ಸಮಯ ಬರೆದುಕೊಡುವುದು ಮುಂತಾದ ಕ್ರಮಗಳು ಏರುಪೇರನ್ನು ತಗ್ಗಿಸುತ್ತವೆ, ಅವುಗಳಿಗಾಗಿ ಯಾರೂ ವೇಗವಾಗಿ ಓಡಬೇಕಿಲ್ಲ.

ಅದೇ 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಸಾಬೀತುಪಡಿಸಿದ ನಿಯಮ ಇನ್ನೂ ಸರಳವಾದುದು. ಗಂಟೆಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ಒಬ್ಬೊಬ್ಬರೂ ಎಷ್ಟು ಗಂಟೆ ಇರುತ್ತಾರೆ ಎಂಬುದರಿಂದ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ ಸಿಗುತ್ತದೆ. ಚೀಟಿ, ವೈದ್ಯರು, ಪ್ರಯೋಗಾಲಯ, ಔಷಧಿ ಕೌಂಟರ್ ಎಲ್ಲ ಮುಗಿಸಲು ಎರಡು ಗಂಟೆ ಹಿಡಿಯುವ ಆಸ್ಪತ್ರೆಗೆ ಗಂಟೆಗೆ 30 ಮಂದಿ ಬಂದರೆ ಯಾವ ಹೊತ್ತಿಗೆ ನೋಡಿದರೂ ಸರಾಸರಿ 60 ಮಂದಿ ಇರುತ್ತಾರೆ. ಸರಾಸರಿ ಎಷ್ಟು ಮಂದಿಗೆ ಜಾಗ ಬೇಕೆಂದು ತಿಳಿಯಲು ಇಷ್ಟು ಸಾಕು, ಈ ಸರಾಸರಿಗೆ ಅಂಕಿಗಳು ಹೇಗೆ ಏರಿಳಿಯುತ್ತವೆ ಎಂಬ ಊಹೆಯ ಅಗತ್ಯವೂ ಇಲ್ಲ.

ಈ ತರಗತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಸಾಲುಗಳನ್ನು ಕೂಡಿಸುವುದರ ಬಗ್ಗೆ. ಇಬ್ಬರು ವೈದ್ಯರು, ಎರಡು ಕೋಣೆ, ಎರಡು ಸಾಲು. ಇಬ್ಬರೂ ಶೇ 90ರಷ್ಟು ಹೊತ್ತು ಕೆಲಸದಲ್ಲಿದ್ದಾರೆ. ಪ್ರತಿ ಸಾಲಿನಲ್ಲೂ ಕಾಯುವಿಕೆ 45 ನಿಮಿಷ. ಈಗ ಒಂದೇ ಸಾಲು ಮಾಡಿ, ಯಾವ ಕೋಣೆ ಮೊದಲು ಖಾಲಿಯಾಗುತ್ತದೋ ಅಲ್ಲಿಗೆ ಮುಂದಿನವರನ್ನು ಕಳಿಸಿದರೆ ಎರ್ಲಾಂಗರ ಸೂತ್ರದ ಪ್ರಕಾರ ಕಾಯುವಿಕೆ ಸುಮಾರು 21 ನಿಮಿಷಕ್ಕೆ ಇಳಿಯುತ್ತದೆ. ಹೊಸ ವೈದ್ಯರು ಬಂದಿಲ್ಲ, ಇದ್ದವರು ಅವಸರ ಮಾಡಿಲ್ಲ. ಒಂದು ಕೋಣೆಯ ಮುಂದೆ ಸಾಲಿದ್ದಾಗ ಇನ್ನೊಂದು ಕೋಣೆ ಖಾಲಿ ಇರುವ ಪ್ರಸಂಗ ಮಾತ್ರ ಇಲ್ಲವಾಗಿದೆ. ಇದಕ್ಕೂ ಒಂದು ಬೆಲೆಯಿದೆ: ಸಕ್ಕರೆ ಕಾಯಿಲೆಯವರಿಗೆ ಪ್ರತಿ ಸಲ ತಮ್ಮನ್ನು ಬಲ್ಲ ವೈದ್ಯರೇ ಸಿಗುವುದರಿಂದ ಆಗುವ ಪ್ರಯೋಜನವನ್ನು ಈ ಸೂತ್ರ ಎಣಿಸುವುದಿಲ್ಲ. ಒಳ್ಳೆಯ ಅಧ್ಯಾಪಕರು ಅದನ್ನೂ ಚರ್ಚೆಗೆ ತರುತ್ತಾರೆ.

ಪಠ್ಯಕ್ರಮದಲ್ಲಿ ಇನ್ನೂ ಬಹಳಷ್ಟಿದೆ. ಸೀಮಿತ ಸಂಪನ್ಮೂಲವನ್ನು ಹಂಚಲು ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ, ಒಮ್ಮೆಗೆ ಎಷ್ಟು ಸರಕು ತರಿಸಬೇಕೆಂದು ಹೇಳುವ ಫೋರ್ಡ್ ಹ್ಯಾರಿಸ್ ಅವರ 1913ರ ಸೂತ್ರ, ಗುಣಮಟ್ಟದ ಸಹಜ ಏರಿಳಿತವನ್ನು ನಿಜವಾದ ದೋಷದಿಂದ ಬೇರ್ಪಡಿಸಲು ವಾಲ್ಟರ್ ಶೂಹಾರ್ಟ್ 1924ರಲ್ಲಿ ರಚಿಸಿದ ನಿಯಂತ್ರಣ ನಕ್ಷೆ, ಇವೆಲ್ಲ ಬೇರೆ ಬೇರೆ ಸೆಮಿಸ್ಟರುಗಳಲ್ಲಿ ಬರುತ್ತವೆ. ಸೂತ್ರಗಳು ಕೈಕೊಡುವಷ್ಟು ಜಟಿಲವಾದ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದನ್ನೂ ಕಲಿಸುತ್ತಾರೆ. ಒಂದೇ ಆಸ್ಪತ್ರೆಯ ಒಂದೇ ದಿನವನ್ನು ನೂರಾರು ಸಲ ನಡೆಸಿದಾಗ, ಒತ್ತಡ ಹೆಚ್ಚಿದ್ದಲ್ಲಿ ಒಂದು ಸಲದ ಫಲಿತಾಂಶಕ್ಕೂ ಇನ್ನೊಂದು ಸಲದ್ದಕ್ಕೂ ಅಜಗಜಾಂತರ ಇರುವುದು ಕಣ್ಣಿಗೆ ರಾಚುತ್ತದೆ. ಒಂದು ದಿನ ಎಲ್ಲ ಸುಸೂತ್ರವಾಗಿ ನಡೆಯಿತೆಂದು ವ್ಯವಸ್ಥೆ ಸರಿಯಾಗಿದೆ ಎಂದುಕೊಳ್ಳಬಾರದೆಂಬುದು ಅಲ್ಲಿ ತಾನಾಗಿಯೇ ಮನದಟ್ಟಾಗುತ್ತದೆ.

ಇಂಥ ಅನುಕರಣೆಯೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1999ರಲ್ಲಿ ಪ್ರಕಟವಾಯಿತು. ತುರ್ತಾಗಿ ದಾಖಲಾಗುವ ರೋಗಿಗಳಿಗಾಗಿ ಇರುವ ಹಾಸಿಗೆಗಳಲ್ಲಿ ಸರಾಸರಿ ಶೇ 85ಕ್ಕಿಂತ ಹೆಚ್ಚು ತುಂಬಿದಾಗ ಅಪಾಯ ಕಾಣಿಸಿಕೊಳ್ಳುತ್ತದೆ, ಶೇ 90 ಮುಟ್ಟಿದರೆ ಹಾಸಿಗೆಗಳ ಕೊರತೆ ಮತ್ತೆ ಮತ್ತೆ ತಲೆದೋರುತ್ತದೆ ಎಂದು ಅದು ತೋರಿಸಿತು. ಆ ಬಳಿಕ ಶೇ 85 ಎಂಬ ಅಂಕಿ ಆಸ್ಪತ್ರೆ ಆಡಳಿತದ ಚರ್ಚೆಗಳಲ್ಲಿ ಒಂದು ಮಾನದಂಡದಂತೆ ಓಡಾಡತೊಡಗಿತು. ಆದರೆ ಎಲ್ಲ ಆಸ್ಪತ್ರೆಗಳಿಗೂ ಒಂದೇ ಅಂಕಿ ಹೊಂದುವುದಿಲ್ಲ. ಅಗತ್ಯವಿರುವ ಹಾಸಿಗೆಗಳ ಸಂಖ್ಯೆ ದಿನದಿಂದ ದಿನಕ್ಕೆ ಏರಿಳಿಯುವ ಪ್ರಮಾಣವು ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಸರಾಸರಿ 16 ಮಂದಿ ಇರುವಲ್ಲಿ ಏರಿಳಿತ ಸುಮಾರು 4, ಸರಾಸರಿ 400 ಮಂದಿ ಇರುವಲ್ಲಿ ಸುಮಾರು 20. ಆದ್ದರಿಂದ ಮೊದಲ ಆಸ್ಪತ್ರೆಗೆ 20 ಹಾಸಿಗೆ, ಎರಡನೆಯದಕ್ಕೆ 420 ಹಾಸಿಗೆ ಕೊಟ್ಟರೆ, ಬಂದವರು ಹಾಸಿಗೆಗಾಗಿ ಕಾಯಬೇಕಾಗುವ ಸಂಭವ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಆಗುತ್ತದೆ: ಸ್ಥೂಲವಾಗಿ ನಾಲ್ವರಲ್ಲಿ ಒಬ್ಬರು. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಶ್ಲೋಮೊ ಹಾಲ್ಫಿನ್ ಮತ್ತು ವಾರ್ಡ್ ವಿಟ್ 1981ರಲ್ಲಿ ಈ ವರ್ಗಮೂಲದ ನಿಯಮಕ್ಕೆ ಗಟ್ಟಿಯಾದ ಗಣಿತದ ತಳಹದಿ ಹಾಕಿದರು.

ಕಾಗದದ ಮೇಲೆ ಮೊದಲ ಆಸ್ಪತ್ರೆಯ ಬಳಕೆ ಶೇ 80, ಎರಡನೆಯದರದು ಶೇ 95. ವರದಿ ಓದುವ ಅಧಿಕಾರಿಗೆ ತಾಲ್ಲೂಕಿನ ಆ ಸಣ್ಣ ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ ಸುಮ್ಮನೆ ಬಿದ್ದಿವೆ ಎನಿಸಿ, ಎರಡನ್ನು ತೆಗೆದುಬಿಡೋಣ ಎಂಬ ಆಲೋಚನೆ ಬರಬಹುದು. ಹಾಗೆ ಮಾಡಿದರೆ ಎರ್ಲಾಂಗರ ಸೂತ್ರದ ಪ್ರಕಾರ ಕಾಯಬೇಕಾದವರ ಪಾಲು ನಾಲ್ವರಲ್ಲಿ ಒಬ್ಬರಿಂದ ಅರ್ಧಕ್ಕಿಂತ ಮೇಲಕ್ಕೆ ಜಿಗಿಯುತ್ತದೆ. ಅದೇ ಎರಡು ಹಾಸಿಗೆಗಳನ್ನು ದೊಡ್ಡ ಆಸ್ಪತ್ರೆಯಿಂದ ತೆಗೆದರೆ ಆ ಪಾಲು ನಾಲ್ವರಲ್ಲಿ ಒಬ್ಬರ ಆಸುಪಾಸಿನಲ್ಲೇ ಉಳಿಯುತ್ತದೆ.